ಕೆನೆ ಕಟ್ಟಿದ್ದೋ, ಒಡೆದದ್ದೋ?

ರಾಣೆಬೆನ್ನೂರು ಸೀಮೆಯ ರೈತರ ಮನೆಗಳಲ್ಲಿ ಒಂದೇ ಬೆಳಗಿನಲ್ಲಿ ನಡೆಯುವ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಡುಗೆಮನೆಯಲ್ಲಿ ಅವ್ವ ಮೊಸರಿಗೆ ಕಡಗೋಲು ಇಳಿಸಿ ಕಡೆಯುತ್ತಾಳೆ. ಅರ್ಧ ತಾಸಿನೊಳಗೆ ಬೆಣ್ಣೆ ಬೇರೆ, ಮಜ್ಜಿಗೆ ಬೇರೆ. ಹೊಲದ ಬದುವಿನಲ್ಲಿ ಮಗ ಬಕೆಟ್ಟಿನ ನೀರಿಗೆ ಬೇವಿನೆಣ್ಣೆ ಸುರಿದು, ಸಾಬೂನು ಕದಡಿ, ಕೋಲಿನಿಂದ ಗರಗರ ತಿರುಗಿಸುತ್ತಾನೆ. ಎಣ್ಣೆ, ನೀರು ಎರಡೂ ಸೇರಿ ಬೆಳ್ಳಗಿನ ಒಂದೇ ದ್ರವವಾಗುತ್ತದೆ.

ಎರಡು ಕಡೆಯೂ ಇರುವುದು ಜಿಡ್ಡು ಮತ್ತು ನೀರು. ಎರಡು ಕಡೆಯೂ ನಡೆಯುವುದು ಕಲಕುವ ಕೆಲಸ. ಒಂದು ಕಡೆ ಕಲಕಿದರೆ ಕೂಡಿದ್ದು ಬೇರೆಯಾಗುತ್ತದೆ, ಇನ್ನೊಂದು ಕಡೆ ಬೇರೆಯಿದ್ದದ್ದು ಕೂಡುತ್ತದೆ. ಅದು ಹೇಗೆ?

ಒಗಟಿಗೆ ಇನ್ನೊಂದು ಎಳೆಯೂ ಇದೆ. ಆ ಬಿಳಿ ನೀರನ್ನು ಬೆನ್ನಿನ ಪಂಪಿಗೆ ತುಂಬಿ ಮೆಣಸಿನ ಸಾಲಿಗೆ ಹೊಡೆಯುತ್ತ ಹೋದರೆ ಕೆಲವರಿಗೆ ಕೊನೆಯ ತೊಟ್ಟಿನವರೆಗೂ ಬಿಳಿಯೇ ಬರುತ್ತದೆ. ಕೆಲವರಿಗೆ ಮೊದಮೊದಲು ಬರೀ ನೀರು, ಟ್ಯಾಂಕು ಬರಿದಾಗುವ ಹೊತ್ತಿಗೆ ಬರೀ ಎಣ್ಣೆ. ಪಂಪು ದ್ರವವನ್ನು ತಳದಿಂದ ಎಳೆದುಕೊಳ್ಳುತ್ತದೆ, ಎಣ್ಣೆ ಮೇಲೆ ತೇಲಿ ಕೂತಿರುತ್ತದೆ. ಹಾಗಾಗಿ ಮೊದಲ ಸಾಲಿನ ಗಿಡಕ್ಕೆ ಔಷಧವೇ ಮುಟ್ಟುವುದಿಲ್ಲ, ಕೊನೆಯ ಸಾಲಿನ ಎಲೆಗಳು ಎಣ್ಣೆಯ ಏಟಿಗೆ ಸುಟ್ಟುಕೊಳ್ಳುತ್ತವೆ. ಅದೇ ಅಂಗಡಿಯ ಎಣ್ಣೆ, ಅದೇ ಸಾಬೂನು. ಬೇರೆಯದ್ದು ಬೋರ್‌ವೆಲ್ ಮಾತ್ರ.

ಮೆಣಸಿನ ಗಿಡದ ಎಲೆ ಮುಟುರುವುದು ಈ ಸೀಮೆಯ ಹಳೆಯ ಪೀಡೆ. ಥ್ರಿಪ್ಸ್ ರಸ ಹೀರಿದರೆ ಎಲೆಯಂಚು ಮೇಲಕ್ಕೆ ಮಡಚುತ್ತದೆ, ಮೈಟ್ ನುಸಿ ಹೀರಿದರೆ ಕೆಳಕ್ಕೆ. ಎರಡೂ ಎಲೆಯ ಅಡಿಯಲ್ಲಿ ಅವಿತಿರುವ ಸಣ್ಣ ಜೀವಿಗಳು. ಅವುಗಳನ್ನು ಮುಟ್ಟಬೇಕಾದರೆ ನಾಜಲ್ಲಿನಿಂದ ಹಾರುವ ಪ್ರತಿಯೊಂದು ತುಂತುರಿನಲ್ಲೂ ಎಣ್ಣೆಯ ಪಾಲು ಸಮನಾಗಿರಬೇಕು. ಆದ್ದರಿಂದ ಎಣ್ಣೆ-ನೀರಿನ ಬೆರಕೆ ಎಷ್ಟು ಹೊತ್ತು ನಿಲ್ಲುತ್ತದೆ, ಯಾಕೆ ಒಡೆಯುತ್ತದೆ ಎಂಬುದು ಇಲ್ಲಿ ಬೆಳೆಯ ಪ್ರಶ್ನೆ.

ಎರಡು ಸೈಟಿನಷ್ಟು ಗಡಿ

ಒಂದು ದ್ರವದೊಳಗೆ ಅದರಲ್ಲಿ ಕರಗದ ಇನ್ನೊಂದು ದ್ರವ ಸಣ್ಣ ಹನಿಗಳಾಗಿ ಚದುರಿರುವುದಕ್ಕೆ ಎಮಲ್ಷನ್ ಎನ್ನುತ್ತಾರೆ. ನಾವು ಹನಿಬೆರಕೆ ಎನ್ನೋಣ. ಇಲ್ಲಿ ಎಣ್ಣೆ ಕರಗಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿದೆ ಅಷ್ಟೇ. ಕೋಟ್ಯಂತರ ಹನಿಗಳಿಗೆ ಬಡಿದ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ದ್ರವ ಬೆಳ್ಳಗೆ ಕಾಣುತ್ತದೆ.

ಲೆಕ್ಕ ಹಾಕಿ ನೋಡೋಣ. 15 ಲೀಟರಿನ ಟ್ಯಾಂಕಿಗೆ ಲೀಟರಿಗೆ 5 ಮಿಲಿಯಂತೆ 75 ಮಿಲಿ ಬೇವಿನೆಣ್ಣೆ. ಒಳ್ಳೆಯ ಹನಿಬೆರಕೆಯಲ್ಲಿ ಹನಿಯ ಅಡ್ಡಳತೆ 2 ಮೈಕ್ರಾನ್ ಎಂದಿಟ್ಟುಕೊಳ್ಳಿ, ಅಂದರೆ ಮಿಲಿಮೀಟರಿನ ಐನೂರರಲ್ಲೊಂದು ಪಾಲು. ಆಗ ಹನಿಗಳ ಸಂಖ್ಯೆ ಸುಮಾರು 18 ಲಕ್ಷ ಕೋಟಿ. ಅಷ್ಟೂ ಹನಿಗಳ ಮೈಯನ್ನು ಬಿಡಿಸಿ ಹಾಸಿದರೆ 225 ಚದರ ಮೀಟರ್. 30–40ರ ಎರಡು ಸೈಟಿನಷ್ಟು ಜಾಗ. ಅದೇ ಎಣ್ಣೆ ಟ್ಯಾಂಕಿನ ಮೇಲೆ ಪದರವಾಗಿ ತೇಲಿದ್ದರೆ ನೀರಿಗೂ ಅದಕ್ಕೂ ನಡುವಿನ ಗಡಿ ಊಟದ ತಟ್ಟೆಯಷ್ಟೇ ಇರುತ್ತಿತ್ತು.

ಈ ಗಡಿ ಪುಕ್ಕಟೆ ಸಿಗುವುದಿಲ್ಲ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಗಡಿಯಲ್ಲಿ ನಿಂತ ಅಣುವಿಗೆ ಒಂದು ಪಕ್ಕದಲ್ಲಿ ಹಿಡಿಯಲು ಜೊತೆಯಿಲ್ಲ, ಅಲ್ಲಿರುವುದು ಎಣ್ಣೆ. ಹಾಗಾಗಿ ಪ್ರತಿ ಚದರ ಅಂಗುಲದ ಗಡಿಗೂ ಶಕ್ತಿಯ ಬೆಲೆ ಕಟ್ಟಬೇಕು. ಕೋಲು ತಿರುಗಿಸಿದ ಕೈ ಕಟ್ಟಿದ್ದು ಆ ಬೆಲೆಯನ್ನೇ. ಎರಡು ಹನಿ ಸೇರಿ ಒಂದಾದಾಗಲೆಲ್ಲ ಗಡಿ ಕುಗ್ಗುತ್ತದೆ, ಶಕ್ತಿ ಉಳಿಯುತ್ತದೆ. ನಿಸರ್ಗಕ್ಕೆ ಬೇಕಾದದ್ದೂ ಅದೇ. ಎಣ್ಣೆ-ನೀರಿನ ಹನಿಬೆರಕೆ ಇಂದಲ್ಲ ನಾಳೆ ಒಡೆಯುವುದೇ ಸೈ. ಅದನ್ನು ತಡೆದು ನಿಲ್ಲಿಸಿರುವುದು ಯಾವುದು ಎಂದು ಹುಡುಕಬೇಕು.

ಹಿಟ್ಟು ಸವರಿದ ಉಂಡೆಗಳು

ಚಪಾತಿಗೆ ಕಣಕ ಕಲಸಿ ಉಂಡೆ ಮಾಡಿ ತಾಟಿನಲ್ಲಿಡುವಾಗ ಪ್ರತಿ ಉಂಡೆಯನ್ನೂ ಒಣಹಿಟ್ಟಿನಲ್ಲಿ ಹೊರಳಿಸುತ್ತೇವೆ. ಹಿಟ್ಟಿದ್ದರೆ ಉಂಡೆಗಳು ಒಂದಕ್ಕೊಂದು ತಾಗಿ, ಒತ್ತಿ ಕೂತರೂ ಎತ್ತುವಾಗ ಬಿಡಿಬಿಡಿಯಾಗಿ ಬರುತ್ತವೆ. ಒಂದೇ ಒಂದು ಕಡೆ ಹಿಟ್ಟು ಉದುರಿ ಹಸಿ ಕಣಕಕ್ಕೆ ಹಸಿ ಕಣಕ ತಗುಲಿದರೆ ಮುಗಿಯಿತು, ಎರಡು ಉಂಡೆ ಒಂದಾಗುತ್ತವೆ. ಎಣ್ಣೆಹನಿಯ ಕತೆಯೂ ಇಷ್ಟೇ. ಹನಿಯ ಮೈಮೇಲೊಂದು ಹೊದಿಕೆ ಬೇಕು.

ಬೇವಿನೆಣ್ಣೆಯ ಹನಿಗೆ ಹೊದಿಕೆಯಾಗುವುದು ಸಾಬೂನು. ಅದರ ಅಣು ಉದ್ದನೆಯದು. ಒಂದು ತುದಿ ಎಣ್ಣೆಯನ್ನು ಒಪ್ಪುತ್ತದೆ, ಇನ್ನೊಂದು ತುದಿ ನೀರನ್ನು. ಎರಡೂ ಸಿಗುವ ಜಾಗವೆಂದರೆ ಗಡಿ, ಆದ್ದರಿಂದ ಅಲ್ಲೇ ಬಂದು ಸಾಲುಗಟ್ಟುತ್ತದೆ. ಇಂಥ ಹೊದಿಕೆ ದ್ರವ್ಯಗಳಿಗೆ ಎಮಲ್ಸಿಫೈಯರ್ ಎಂಬ ಹೆಸರು. ನೀರಿಗೆ ಚಾಚಿಕೊಂಡ ತುದಿಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಹತ್ತಿರ ಬಂದ ಎರಡು ಹನಿಗಳು ಒಂದನ್ನೊಂದು ದೂಡುತ್ತವೆ. ಒಣಹಿಟ್ಟಿಗೆ ಇಲ್ಲದ ಇನ್ನೊಂದು ಗುಣವೂ ಸಾಬೂನಿಗಿದೆ. ಹೊದಿಕೆ ಎಲ್ಲಾದರೂ ತೆಳುವಾದರೆ ಅಕ್ಕಪಕ್ಕದ ಅಣುಗಳು ಅತ್ತ ಸರಿಯುತ್ತವೆ, ಸರಿಯುವಾಗ ಒಂದಿಷ್ಟು ನೀರನ್ನೂ ಎಳೆದು ತಂದು ಆ ಜಾಗ ತುಂಬುತ್ತವೆ. ಹೊದಿಕೆ ತನ್ನ ತೂತಿಗೆ ತಾನೇ ತೇಪೆ ಹಾಕಿಕೊಳ್ಳುತ್ತದೆ.

ನಿಜವಾಗಿಯೂ ಪುಡಿಯನ್ನೇ ಹೊದ್ದ ಹನಿಗಳೂ ಉಂಟು. ಅವುಗಳ ಹೆಸರು ಹೆಚ್ಚಾಗಿ ತಳುಕು ಹಾಕಿಕೊಂಡಿರುವುದು ಇಂಗ್ಲೆಂಡಿನ ವೊಬರ್ನ್ ಎಂಬಲ್ಲಿನ ಪ್ರಾಯೋಗಿಕ ಹಣ್ಣಿನ ತೋಟದಲ್ಲಿದ್ದ ಸ್ಪೆನ್ಸರ್ ಪಿಕರಿಂಗ್ ಎಂಬ ರಸಾಯನ ವಿಜ್ಞಾನಿಯ ಜೊತೆ. ಹಣ್ಣಿನ ಮರಗಳ ಕೀಟಕ್ಕೆ ಹೊಡೆಯಲು ಖನಿಜ ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ದಾರಿ ಹುಡುಕುತ್ತಿದ್ದಾಗ, ಮೈಲುತುತ್ತ-ಸುಣ್ಣ ಸೇರಿದಾಗ ಹುಟ್ಟುವ ತಾಮ್ರದ ನುಣ್ಣನೆಯ ಕಣಗಳು ಎಣ್ಣೆಹನಿಯ ಸುತ್ತ ಕೂತು ಸಾಬೂನಿಲ್ಲದೆಯೇ ಬೆರಕೆಯನ್ನು ನಿಲ್ಲಿಸುವುದನ್ನು ಕಂಡ ಪಿಕರಿಂಗ್ 1907ರಲ್ಲಿ ಅದನ್ನು ಪ್ರಕಟಿಸಿದರು. ವಾಲ್ಟರ್ ರ‍್ಯಾಮ್ಸ್‌ಡೆನ್ 1903ರಲ್ಲೇ ಇಂಥದ್ದನ್ನು ಗುರುತಿಸಿದ್ದರೂ ಹೆಸರು ನಿಂತದ್ದು ಪಿಕರಿಂಗ್‌ಗೆ. ಅದೇ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆಗಿನ ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ಕೊಳೆರೋಗದ ಮದ್ದಾಗಿ ತಂದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಎಣ್ಣೆ-ನೀರಿನ ವಿಜ್ಞಾನ ಪಂಪು ಹೊತ್ತವರ ಕಷ್ಟದಿಂದಲೂ ಬೆಳೆದಿದೆ.

ಮೇಲೇರುವುದು, ಗೊಂಚಲಾಗುವುದು

ಹನಿಬೆರಕೆ ಕೆಡುವಾಗ ಎಲ್ಲವೂ ಒಮ್ಮೆಲೇ ಕೆಡುವುದಿಲ್ಲ. ಮೊದಲು ಕಣ್ಣಿಗೆ ಬೀಳುವುದು ಕೆನೆ ಕಟ್ಟುವುದು. ಎಣ್ಣೆ ನೀರಿಗಿಂತ ಹಗುರ, ಹನಿ ಮೇಲೇರುತ್ತದೆ. ಏರುವ ವೇಗ ಮಾತ್ರ ಹನಿಯ ಗಾತ್ರವನ್ನು ಬಹಳ ನೆಚ್ಚಿಕೊಂಡಿದೆ. ಅಡ್ಡಳತೆ ಹತ್ತು ಪಟ್ಟಾದರೆ ವೇಗ ನೂರು ಪಟ್ಟು. 30 ಸೆಂಟಿಮೀಟರ್ ಆಳದ ಟ್ಯಾಂಕಿನ ತಳದಿಂದ ಮೇಲೆ ಬರಲು 2 ಮೈಕ್ರಾನಿನ ಹನಿಗೆ ಸುಮಾರು 20 ದಿನ ಬೇಕು. 20 ಮೈಕ್ರಾನಿನ ಹನಿಗೆ ಐದು ತಾಸು ಸಾಕು. 200 ಮೈಕ್ರಾನಿನದ್ದಕ್ಕೆ ಮೂರೇ ನಿಮಿಷ. ಹಾಗಾಗಿ ಒರಟು ಹನಿಗಳ ಬೆರಕೆ ಪಂಪು ಬೆನ್ನಿಗೇರುವ ಮೊದಲೇ ಬೇರೆಯಾಗಿರುತ್ತದೆ.

ಎರಡನೆಯದು ಗೊಂಚಲಾಗುವುದು. ದೂಡುವ ಬಲ ಕುಗ್ಗಿದರೆ ಹನಿಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಗೊಂಚಲು ಒಂದು ದೊಡ್ಡ ಹನಿಯಂತೆ ವರ್ತಿಸಿ ಬೇಗ ಮೇಲೇರುತ್ತದೆ. ಆದರೂ ಹೊದಿಕೆ ಹರಿದಿಲ್ಲ. ಹಿಟ್ಟು ಸವರಿದ ಉಂಡೆಗಳು ತಾಟಿನ ಒಂದು ಮೂಲೆಗೆ ಜಾರಿ ಒತ್ತಿಕೊಂಡಿವೆ, ಅಷ್ಟೇ. ಅಲುಗಿಸಿದರೆ ಮತ್ತೆ ಚದುರುತ್ತವೆ.

ಸಣ್ಣ ಹನಿಯಿಂದ ಎಣ್ಣೆ ಅಣು ಅಣುವಾಗಿ ನೀರಿಗಿಳಿದು ದೊಡ್ಡ ಹನಿಯನ್ನು ಸೇರುವ ಮೂರನೆಯ ದಾರಿಯೂ ಇದೆ. ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಆಸ್ಟ್‌ವಾಲ್ಡ್ ಅವರ ಹೆಸರಿನಲ್ಲಿ ಅದನ್ನು ಗುರುತಿಸುತ್ತಾರೆ. ನೀರಿನಲ್ಲಿ ಚೂರುಪಾರು ಕರಗುವ ಸುಗಂಧ ತೈಲಗಳಿಗೆ ಅದು ದೊಡ್ಡ ತಲೆನೋವು. ಬೇವಿನೆಣ್ಣೆ, ಶೇಂಗಾ ಎಣ್ಣೆ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ನಾವು ಅದನ್ನು ಬಿಟ್ಟು ಮುಂದೆ ಹೋಗಬಹುದು.

ಹೊದಿಕೆ ಹರಿಯುವ ಗಳಿಗೆ

ನಿಜವಾದ ಒಡಕು ನಾಲ್ಕನೆಯದು: ಹನಿಗೂಡಿಕೆ. ಮೇಲೇರಿ ಒತ್ತಿಕೊಂಡ ಎರಡು ಹನಿಗಳ ನಡುವೆ ನೀರಿನ ಒಂದು ಪದರ ಉಳಿದಿರುತ್ತದೆ. ಒತ್ತಡಕ್ಕೆ ಅದರೊಳಗಿನ ನೀರು ಜಿನುಗಿ ಹೊರಹೋಗುತ್ತ ಪದರ ತೆಳುವಾಗುತ್ತದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಹೊದಿಕೆ ಗಟ್ಟಿಯಿದ್ದರೆ ಪದರ ಅಲ್ಲೇ ನಿಂತು ತಿಂಗಳುಗಟ್ಟಲೆ ತಾಳೀತು. ಹೊದಿಕೆ ಸೊರಗಿದ್ದರೆ ಎಲ್ಲೋ ಒಂದು ಕಡೆ ತೂತು ಬೀಳುತ್ತದೆ. ಬಿದ್ದ ತೂತು ಕಣ್ಣು ಮಿಟುಕಿಸುವುದರೊಳಗೆ ಅಗಲವಾಗುತ್ತದೆ, ಎರಡು ಹನಿಗಳ ಎಣ್ಣೆ ಒಂದಾಗಿ ಹರಿದು ದೊಡ್ಡದೊಂದು ಹನಿ ಹುಟ್ಟುತ್ತದೆ. ದೊಡ್ಡ ಹನಿ ಇನ್ನೂ ಬೇಗ ಮೇಲೇರಿ ಇನ್ನಷ್ಟು ಹನಿಗಳಿಗೆ ಒತ್ತಿಕೊಳ್ಳುತ್ತದೆ. ಕೊನೆಗೆ ಮೇಲೆ ಎಣ್ಣೆಯ ಪದರ, ಕೆಳಗೆ ನೀರು.

ಕೆನೆ ಮತ್ತು ಗೊಂಚಲು ಅಲುಗಿಸಿದರೆ ಸರಿಹೋಗುತ್ತವೆ. ಕೂಡಿಹೋದ ಹನಿಗಳು ಬರೀ ಅಲುಗಿಸಿದರೆ ಬಿಡಿಯಾಗುವುದಿಲ್ಲ. ಇನ್ನು ಮುಂದೆ ಹೇಳುವ ಎಲ್ಲಕ್ಕೂ ಇದೇ ಬೀಗದ ಕೈ.

ಬೇಳೆ ಬೇಯದ ನೀರು

ಈಗ ಬೋರ್‌ವೆಲ್ಲಿಗೆ ಬರೋಣ. ಈ ಭಾಗದ ಎಷ್ಟೋ ಊರುಗಳಲ್ಲಿ ಆಳದಿಂದ ಬರುವುದು ಗಡುಸು ನೀರು. ಬೇಳೆ ಬೇಯುವುದಿಲ್ಲ, ಸಾಬೂನಿಗೆ ನೊರೆ ಬರುವುದಿಲ್ಲ, ಕೊಡದ ಒಳಮೈಗೆ ಬಿಳಿ ಕಿಟ್ಟ ಕಟ್ಟುತ್ತದೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳೇ ಕಾರಣ. ಇವು ಸಾಬೂನಿನ ನೀರೊಪ್ಪುವ ತುದಿಯನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಜಿಗುಟು ಗಸಿ ಮಾಡಿಬಿಡುತ್ತವೆ. ಹನಿಯ ಮೈಮೇಲಿರಬೇಕಾದ ಸಾಬೂನು ಬಕೆಟ್ಟಿನಂಚಿಗೆ ಅಂಟಿಕೊಂಡಿತು ಎಂದರೆ ಹನಿ ಬೆತ್ತಲೆಯಾದಂತೆ.

ಇದನ್ನು ಕಣ್ಣಾರೆ ನೋಡಲು ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯ ಸಾಧನ ಬೇಡ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಕೆಂಪಿನಲ್ಲಿ ಮುಖ್ಯವಾದದ್ದು ಕ್ಯಾಪ್ಸಾಂಥಿನ್, ಅದು ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಿ ಅಲ್ಲ. ಒಂದು ಚಮಚ ಬ್ಯಾಡಗಿ ಖಾರಪುಡಿಯನ್ನು ಉಗುರುಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಎರಡು ಬಾಟಲಿಗಳಲ್ಲಿ ಮಳೆನೀರನ್ನೋ ಫಿಲ್ಟರ್ ನೀರನ್ನೋ ತುಂಬಿ, ಒಂದಕ್ಕೆ ಮಾತ್ರ ಮೈಸಾಬೂನಿನ ತುಣುಕು ಕರಗಿಸಿ. ಎರಡಕ್ಕೂ ಆ ಕೆಂಪೆಣ್ಣೆಯನ್ನು ಅರ್ಧ ಚಮಚ ಹಾಕಿ ಬಲವಾಗಿ ಅಲುಗಿಸಿ. ಸಾಬೂನಿಲ್ಲದ ಬಾಟಲಿಯಲ್ಲಿ ಕೆಂಪು ಬೇಗನೆ ಮೇಲೇರಿ ಪದರವಾಗುತ್ತದೆ. ಸಾಬೂನಿದ್ದದ್ದು ಅಡಿಯಿಂದ ಮುಡಿಯವರೆಗೆ ತಿಳಿಗೆಂಪು. ಇಟ್ಟು ಬಿಟ್ಟರೆ ಇದರಲ್ಲೂ ಕೆಂಪು ಮೇಲುಭಾಗದಲ್ಲಿ ದಟ್ಟವಾಗುತ್ತದೆ, ಆದರೆ ಬಾಟಲಿಯನ್ನು ಮೆಲ್ಲಗೆ ತಲೆಕೆಳಗು ಮಾಡಿದರೆ ಮತ್ತೆ ಎಲ್ಲೆಡೆ ಹರಡುತ್ತದೆ. ಅದು ಕೆನೆ. ಈಗ ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನು ಅದಕ್ಕೆ ಹಾಕಿ ಅಲುಗಿಸಿ. ನೊರೆ ಸತ್ತುಹೋಗಿ ಬಿಳಿ ಗಸಿ ಚೂರುಚೂರಾಗಿ ಕಾಣಿಸಿಕೊಳ್ಳುತ್ತದೆ, ಕೆಂಪೆಣ್ಣೆ ಬೊಟ್ಟುಬೊಟ್ಟಾಗಿ ಮೇಲೆ ತೇಲುತ್ತದೆ. ಸುಣ್ಣದ ಕ್ಯಾಲ್ಸಿಯಂ ಸಾಬೂನನ್ನು ಕಸಿದುಕೊಂಡಿದೆ. ಇದು ಒಡಕು.

ಕೀಟನಾಶಕ ತಯಾರಕರಿಗೂ ಈ ಕಾಟ ಗೊತ್ತು. ನೀರಿಗೆ ಹಾಕಿದೊಡನೆ ಬೆಳ್ಳಗಾಗುವ ಔಷಧಗಳನ್ನು ಪರೀಕ್ಷಿಸುವಾಗ ಲೀಟರಿಗೆ 342 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಗಡುಸುತನದ ನೀರನ್ನು ಬೇಕೆಂದೇ ತಯಾರಿಸಿ ಬಳಸುತ್ತಾರೆ. ಆ ಔಷಧಗಳಲ್ಲಿರುವ ಹೊದಿಕೆ ದ್ರವ್ಯಗಳಲ್ಲಿ ವಿದ್ಯುದಂಶವಿಲ್ಲದ ಬಗೆಯವೂ ಸೇರಿರುತ್ತವೆ. ಕ್ಯಾಲ್ಸಿಯಂಗೆ ಅವುಗಳಲ್ಲಿ ಹಿಡಿಯಲು ತುದಿಯೇ ಸಿಗುವುದಿಲ್ಲ. ಅಂಟುವಾಳದ ನೊರೆ ಗಡುಸು ನೀರಿನಲ್ಲೂ ಸಾಬೂನಿನಂತೆ ಗಸಿಯಾಗದಿರುವುದಕ್ಕೂ ಇದೇ ಕಾರಣ. ಟ್ಯಾಂಕಿಗೆ ಎಣ್ಣೆಯ ಜೊತೆ ಸತುವಿನ ಸಲ್ಫೇಟ್, ಕ್ಯಾಲ್ಸಿಯಂ ನೈಟ್ರೇಟ್ ಎಂದು ಕೈಗೆ ಸಿಕ್ಕ ಗೊಬ್ಬರವನ್ನೆಲ್ಲ ಸುರಿದರೆ, ಸಿಹಿನೀರಿದ್ದರೂ ನಾವೇ ಅದನ್ನು ಗಡುಸು ಮಾಡಿದಂತೆ.

ಕಡಗೋಲು ಮಾಡುವುದೇನು

ಹಾಲಿನ ಜಿಡ್ಡೂ ಹನಿಗಳಾಗಿಯೇ ಇದೆ. ಬಹುಪಾಲು ಹನಿಗಳ ಗಾತ್ರ ಕೆಲವೇ ಮೈಕ್ರಾನ್, ಮೈಮೇಲೆ ಪ್ರೋಟೀನು ಮತ್ತು ಕೊಬ್ಬಿನ ಜಾತಿಯ ಅಣುಗಳ ತೆಳು ಹೊದಿಕೆ. ಕಾಸಿದ ಹಾಲಿನ ಕೆನೆ, ಮೊಸರಿನ ಮೇಲಿನ ಕೆನೆ ಎಷ್ಟೇ ದಪ್ಪವಿದ್ದರೂ ಬೆಣ್ಣೆಯಲ್ಲ. ಹೊದಿಕೆ ಇನ್ನೂ ಗಟ್ಟಿಯಿದೆ.

ಕಡಗೋಲು ತಿರುಗಿದಾಗ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಜೊತೆಗೆ ಗಾಳಿಗುಳ್ಳೆಗಳು ಸೇರುತ್ತವೆ. ಗುಳ್ಳೆಯ ಮೈಗೆ ತಾಗಿದ ಜಿಡ್ಡಿನ ಹನಿಯ ಹೊದಿಕೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಇಷ್ಟಾದರೂ ಬೇವಿನೆಣ್ಣೆಯಂತೆ ಜಿಡ್ಡು ಪೂರಾ ದ್ರವವಾಗಿದ್ದರೆ ಬೆಣ್ಣೆ ಸರಿಯಾಗಿ ಬರುವುದಿಲ್ಲ. ಹಾಲಿನ ಜಿಡ್ಡಿನ ವಿಶೇಷವೆಂದರೆ ತಂಪಿನಲ್ಲಿ ಅದು ಅರ್ಧ ಗಟ್ಟಿ, ಅರ್ಧ ದ್ರವ. ಹನಿಯೊಳಗಿನ ಗಟ್ಟಿ ಜಿಡ್ಡಿನ ಸೂಜಿಯಂಥ ಹರಳುಗಳು ಹೊದಿಕೆಯಿಂದ ಹೊರಗೆ ಇಣುಕುತ್ತಿರುತ್ತವೆ. ಡಿಕ್ಕಿಯಾದಾಗ ಹರಳು ಪಕ್ಕದ ಹನಿಯೊಳಕ್ಕೆ ನಾಟುತ್ತದೆ, ಒಳಗಿನ ದ್ರವ ಜಿಡ್ಡು ಹೊರಬಂದು ಅಂಟಾಗುತ್ತದೆ. ಹೀಗೆ ಅಂಟಿದವುಗಳನ್ನು ಬಿಡಿಸುವಷ್ಟು ಬಲ ಕಡಗೋಲಿಗಿಲ್ಲ.

ಬೇಸಿಗೆಯಲ್ಲಿ ಬೆಣ್ಣೆ ಬಾರದಿದ್ದರೆ ತಣ್ಣೀರು, ಚಳಿಗಾಲದಲ್ಲಿ ಬಾರದಿದ್ದರೆ ಬಿಸಿನೀರು ಹಾಕುವ ಅವ್ವನ ಕೈಯಲ್ಲಿ ಈ ಲೆಕ್ಕವೇ ಇದೆ. ಸೆಕೆಗೆ ಹರಳು ಕರಗಿದರೆ ನಾಟಲು ಸೂಜಿಯಿಲ್ಲ. ಚಳಿಗೆ ಎಲ್ಲವೂ ಗಟ್ಟಿಯಾದರೆ ಹಿಡಿಯಲು ಅಂಟಿಲ್ಲ. ಎರಡೂ ಬೇಕು. ಹೋಮೊಜಿನೈಸ್ ಮಾಡಿದ ಪ್ಯಾಕೆಟ್ ಹಾಲಿನ ಮೊಸರು ಕಡೆದು ಕೈ ಸೋಲುವುದೂ ಇದರಿಂದಲೇ. ಅದರಲ್ಲಿ ಜಿಡ್ಡಿನ ಹನಿಗಳನ್ನು ಯಂತ್ರದಿಂದ ಒಂದು ಮೈಕ್ರಾನಿಗೂ ಸಣ್ಣದಾಗಿ ಒಡೆದಿರುತ್ತಾರೆ, ಹೊಸ ಮೈಗೆಲ್ಲ ಹಾಲಿನ ಪ್ರೋಟೀನು ದಪ್ಪಗೆ ಹೊದ್ದುಕೊಂಡಿರುತ್ತದೆ.

ಮೊದಲಿನ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಕಲಕುವ ಕೈ ಎರಡು ಕೆಲಸ ಮಾಡುತ್ತದೆ: ಹನಿಯನ್ನು ಒಡೆಯುತ್ತದೆ, ಹನಿಗೆ ಹನಿ ಗುದ್ದಿಸುತ್ತದೆ. ಒಡೆದ ಹನಿಗೆ ಕೂಡಲೇ ಹೊದಿಕೆ ಸಿಕ್ಕರೆ ಬೆರಕೆ ಗೆಲ್ಲುತ್ತದೆ, ಅದು ಬದುವಿನ ಬಕೆಟ್ಟು. ಗುದ್ದಿದಾಗ ಹೊದಿಕೆ ಹರಿದರೆ ಒಡಕು ಗೆಲ್ಲುತ್ತದೆ, ಅದು ಮೊಸರಿನ ಗಡಿಗೆ.

ಬೆಣ್ಣೆಯಲ್ಲೂ ನೀರು ಪೂರ್ತಿ ಹೋಗಿರುವುದಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ 16 ಪಾಲಿನವರೆಗೆ ನೀರಿರಬಹುದು. ಈಗ ಜಿಡ್ಡಿನೊಳಗೆ ನೀರೇ ಹನಿಯಾಗಿದೆ, ಬೆರಕೆ ಮಗುಚಿಕೊಂಡಿದೆ. ಕಾಯಿಸುವಾಗ ಕೇಳುವ ಚಟಪಟ ಆ ನೀರಹನಿಗಳು ಕುದಿದು ಹೋಗುವ ಸದ್ದು. ಸದ್ದು ನಿಂತು, ತಿಳಿಯಾಗಿ, ತಳದಲ್ಲಿ ಕಂದು ಗಸಿ ಕೂತರೆ ತುಪ್ಪ ಆಯಿತು ಎಂದು ಇಳಿಸುತ್ತೇವೆ. ಒಗ್ಗರಣೆಯಲ್ಲಿ ಹುರಿದ ಮಸಾಲೆ ಬದಿಯಲ್ಲಿ ಕೆಂಪಗೆ ಎಣ್ಣೆ ಬಿಟ್ಟಿತು ಎನ್ನುವುದೂ ಇದೇ ಬಗೆಯ ಲಕ್ಷಣ. ರುಬ್ಬಿದ ಮಸಾಲೆಯ ನೀರು ಆರಿ, ಅದು ಹಿಡಿದಿಟ್ಟಿದ್ದ ಎಣ್ಣೆ ಕೂಡಿ ಹೊರಬಂದಿದೆ.

ಪಂಪಿಗೆ ತುಂಬುವ ಮೊದಲು

ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಈ ಸೀಮೆಯವರಿಗೆ ದೂರವೇನಲ್ಲ, ಯಾವ ಔಷಧ ಎಷ್ಟು ಎಂಬುದನ್ನು ಅಲ್ಲಿ ಕೇಳಬಹುದು. ಬೆರಕೆ ನಿಲ್ಲುತ್ತದೆಯೇ ಎಂಬುದನ್ನು ಮಾತ್ರ ನಿಮ್ಮ ಬಾವಿಯ ನೀರಿನಲ್ಲಿ ನೀವೇ ನೋಡಬೇಕು. ಸಾಬೂನನ್ನು ಮೊದಲು ಸ್ವಲ್ಪ ಸಿಹಿನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಅದಕ್ಕೆ ಸಣ್ಣಗೆ ಸುರಿಯುತ್ತ ಗಟ್ಟಿ ಬಿಳಿಯಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಹೊದಿಕೆ ಮೊದಲು ಸಿದ್ಧವಿರಲಿ, ಹನಿ ಆಮೇಲೆ ಹುಟ್ಟಲಿ ಎಂಬುದೇ ಈ ಕ್ರಮದ ಅರ್ಥ. ಸಾಬೂನು ಹೆಚ್ಚೂ ಬೇಡ. ಅದರ ಕ್ಷಾರಕ್ಕೆ ಬೇವಿನ ಕೀಟನಾಶಕ ಅಂಶವಾದ ಅಜಾಡಿರಾಕ್ಟಿನ್ ಕೆಡುತ್ತದೆ. ಬಿಸಿಲಿಗೂ ಅದು ತಾಳದು, ಸಂಜೆ ಹೊಡೆಯುವುದು ಮೇಲು.

ಹೀಗೆ ಮಾಡಿದ್ದನ್ನು ಒಂದು ತಿಳಿ ಬಾಟಲಿಯಲ್ಲಿ ತುಂಬಿ ಒಂದು ತಾಸು ಅಲುಗಿಸದೆ ಇಡಿ. ಮೇಲೆ ಬೆಳ್ಳಗಿನ ದಪ್ಪ ಪಟ್ಟಿ ಕಟ್ಟಿ, ಬಾಟಲಿಯನ್ನು ಒಂದೆರಡು ಬಾರಿ ಮೆಲ್ಲಗೆ ಬೋರಲು ಹಾಕಿದಾಗ ಅದು ಮತ್ತೆ ಬೆರೆತರೆ ಧೈರ್ಯವಾಗಿ ತುಂಬಿ, ನಡುನಡುವೆ ಪಂಪು ಅಲುಗಿಸುತ್ತಿರಿ. ಮೇಲೆ ಎಣ್ಣೆಯ ಹೊಳಪು ಅಥವಾ ಹಳದಿ ಬೊಟ್ಟು ಕಂಡು, ಅಲುಗಿಸಿದ ಮೇಲೂ ತಿರುಗಿ ಮೂಡಿದರೆ ಆ ನೀರಿಗೆ ಆ ಸಾಬೂನು ಆಗಿಬರುವುದಿಲ್ಲ. ಇನ್ನಷ್ಟು ಹೊತ್ತು ಕಲಕುತ್ತ ಕೂರಬೇಡಿ. ನೀರು ಬದಲಿಸಿ, ಇಲ್ಲವೆ ಹೊದಿಕೆ ಬದಲಿಸಿ.